ಮಂಕಾದ ಗಾಜಿನ ಲೋಟಗಳನ್ನು ಮನೆಯಲ್ಲಿಯೇ ಶುಚಿ ಮಾಡುವ ಕ್ರಮ

ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಟ್ಟು ನಂತರ ಕುಶಲ ವಿಚಾರಿಸುವುದು ಮಲೆನಾಡಿನ ಪದ್ಧತಿ. ಹಿಂದೆ ಈ ನೀರು ಕಂಚಿನ ಅಥವಾ ತಾಮ್ರದ ಲೋಟದಲ್ಲಿ ಬರುತ್ತಿತ್ತು. ಆಮೇಲೆ ಸ್ಟೀಲ್ ಲೋಟ ಬಂದಿತು. ಇಂದು ಪಾನಕ, ಮಜ್ಜಿಗೆ, ಚಹಾ ಎಲ್ಲದಕ್ಕೂ ಗಾಜಿನ ಲೋಟವನ್ನು ಬಳಸುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬಹಳ. ಗಾಜಿನ ಗುಣವೆಂದರೆ ಅದು ಒಳಗಿರುವುದನ್ನು ಮುಚ್ಚಿಡುವುದಿಲ್ಲ. ನೀರು ಕದಡಿದ್ದರೂ ಕಾಣುತ್ತದೆ, ಲೋಟ ತೊಳೆಯದಿದ್ದರೂ ಕಾಣುತ್ತದೆ.

ಆದರೆ ಹೊಸದಾಗಿ ತಂದ ಲೋಟಗಳು ಕೆಲವೇ ತಿಂಗಳುಗಳಲ್ಲಿ ಮಂಜು ಕವಿದಂತೆ ಮಸುಕಾಗುತ್ತವೆ, ಎಷ್ಟು ತೊಳೆದರೂ ಹೊಳಪು ಬರುವುದಿಲ್ಲ ಎಂಬುದು ಅನೇಕ ಗೃಹಿಣಿಯರ ದೂರು. ಕೆಲವರು ಬೂದಿ, ಇಟ್ಟಿಗೆ ಪುಡಿ ಹಾಕಿ ಬಲವಾಗಿ ತಿಕ್ಕುತ್ತಾರೆ. ಕೆಲವರು ಬೇಸತ್ತು ತಿಪ್ಪೆಗೆ ಎಸೆಯುತ್ತಾರೆ. ಇನ್ನು ಕೆಲವರು ಬಚ್ಚಲು ತೊಳೆಯುವ ಆಸಿಡ್ಡನ್ನು ಕುಡಿಯುವ ಲೋಟಕ್ಕೆ ಸುರಿಯುತ್ತಾರೆ. ತಿಕ್ಕಿದರೆ ಲೋಟ ಕೆಡುತ್ತದೆ, ಎಸೆದರೆ ಹಣ ನಷ್ಟ, ಆಸಿಡ್ ಸುರಿದರೆ ಜೀವಕ್ಕೇ ಅಪಾಯ. ಮಂಕಾದ ಲೋಟಗಳಲ್ಲಿ ಹೆಚ್ಚಿನವನ್ನು ಅಡುಗೆಮನೆಯಲ್ಲಿರುವ ಹುಳಿ ಪದಾರ್ಥಗಳಿಂದಲೇ ಮತ್ತೆ ಹೊಸದರಂತೆ ಮಾಡಬಹುದು. ಅದಕ್ಕೆ ಮೊದಲು, ಕಲೆ ಯಾವುದು ಎಂಬುದನ್ನು ಗುರುತಿಸಬೇಕು. ರೋಗ ತಿಳಿಯದೆ ಔಷಧಿ ಹೊಡೆದರೆ ಬೆಳೆಗೆ ಏನಾಗುತ್ತದೆಯೋ, ಕಲೆ ತಿಳಿಯದೆ ತಿಕ್ಕಿದರೆ ಲೋಟಕ್ಕೂ ಅದೇ ಆಗುತ್ತದೆ.

ಶಿಕಾರಿಪುರ ಮತ್ತು ಸೊರಬದ ನೀರು

ಶಿಕಾರಿಪುರ ಮತ್ತು ಸೊರಬ ಅಕ್ಕಪಕ್ಕದ ತಾಲ್ಲೂಕುಗಳಾದರೂ ಎರಡು ಬಗೆಯ ಪ್ರದೇಶಗಳು. ಸೊರಬದ ಪಶ್ಚಿಮ ಭಾಗ ಹೆಚ್ಚು ಮಳೆ ಬೀಳುವ ಮಲೆನಾಡು. ಇಲ್ಲಿ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ ಬಹಳ. ತೆರೆದ ಬಾವಿ, ಕೆರೆ, ದಂಡಾವತಿ ಮತ್ತು ವರದಾ ನದಿಗಳ ನೀರು ಜನರಿಗೆ ಆಧಾರ. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಶಿಕಾರಿಪುರ ತಾಲ್ಲೂಕಿನಲ್ಲಿ ಕುಮುದ್ವತಿ ನದಿ, ಅಂಜನಾಪುರ ಜಲಾಶಯ ಮತ್ತು ನೂರಾರು ಕೆರೆಗಳಿದ್ದರೂ, ಮನೆಬಳಕೆಗೆ ಮತ್ತು ತೋಟಕ್ಕೆ ಕೊಳವೆ ಬಾವಿಯನ್ನು ನೆಚ್ಚಿಕೊಂಡವರು ಅನೇಕರು.

ಮಳೆಯ ನೀರು ಸ್ವಭಾವತಃ ಮೆದು. ಅದು ನೆಲಕ್ಕಿಳಿಯುವಾಗ ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಈ ನೀರು ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಅದನ್ನೇ ಗಡಸು ನೀರು ಎನ್ನುತ್ತೇವೆ. ಸಾಮಾನ್ಯವಾಗಿ ಆಳದ ಕೊಳವೆ ಬಾವಿಯ ನೀರು ಹೆಚ್ಚು ಗಡಸಾಗಿಯೂ, ಕೆರೆ ಮತ್ತು ಹೊಳೆಯ ನೀರು ಹೆಚ್ಚು ಮೆದುವಾಗಿಯೂ ಇರುತ್ತದೆ. ಕೆಂಪು ಜಂಬಿಟ್ಟಿಗೆಯ ಬಣ್ಣಕ್ಕೆ ಕಾರಣ ಕಬ್ಬಿಣದ ಆಕ್ಸೈಡ್. ಇಂತಹ ನೆಲದ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುವುದುಂಟು.

ಆದರೆ ತಾಲ್ಲೂಕಿನ ಹೆಸರು ಹೇಳಿ ನೀರಿನ ಗುಣ ನಿರ್ಧರಿಸಲಾಗದು. ಒಂದೇ ಊರಿನ ಎರಡು ಕೊಳವೆ ಬಾವಿಗಳ ನೀರಿನಲ್ಲಿಯೂ ವ್ಯತ್ಯಾಸವಿರುತ್ತದೆ. ಆದುದರಿಂದ ನೆರೆಮನೆಯ ಲೋಟಕ್ಕೆ ಗುಣ ಕೊಟ್ಟ ಉಪಾಯ ನಮ್ಮ ಲೋಟಕ್ಕೂ ಗುಣ ಕೊಡಲೇಬೇಕೆಂದಿಲ್ಲ.

ಲೋಟ ಮಂಕಾಗುವುದೇಕೆ?

ಲೋಟದ ಕಲೆಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು.

1. ಸುಣ್ಣದ ಪೊರೆ: ಗಡಸು ನೀರಿನಲ್ಲಿ ತೊಳೆದ ಲೋಟ ಹಾಗೆಯೇ ಒಣಗಿದಾಗ ನೀರು ಆರಿ ಹೋಗುತ್ತದೆ, ಅದರಲ್ಲಿದ್ದ ಲವಣ ಗಾಜಿನ ಮೇಲೆ ಉಳಿಯುತ್ತದೆ. ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮಾರ್ಪಡುತ್ತದೆ. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿಯ ಹಕ್ಕಳೆಯೂ ಇದೇ. ಒಂದು ಲೆಕ್ಕ ನೋಡಿ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ನೀರು ಒಂದು ಮಿಲಿ ಲೀಟರಿನಷ್ಟು ಲೋಟದಲ್ಲಿ ಉಳಿದು ಒಣಗಿದರೆ ಬಿಡುವುದು ಕೇವಲ 0.3 ಮಿಲಿಗ್ರಾಂ ಸುಣ್ಣ. ಅದು ಕಣ್ಣಿಗೆ ಬೀಳುವುದಿಲ್ಲ. ದಿನಕ್ಕೆ ಎರಡು ಸಾರಿಯಂತೆ ಐವತ್ತು ದಿನ ಹೀಗೆಯೇ ನಡೆದು, ಒಣಗಿದ್ದೆಲ್ಲ ಗಾಜಿಗೆ ಅಂಟಿಯೇ ಉಳಿದರೆ 30 ಮಿಲಿಗ್ರಾಂ ಆಗುತ್ತದೆ. ಲೋಟ ಒಂದೇ ದಿನದಲ್ಲಿ ಮಂಕಾಗದೆ ತಿಂಗಳುಗಳಲ್ಲಿ ಮಂಕಾಗುವುದು ಹೀಗೆ.

2. ಸಾಬೂನಿನ ಮತ್ತು ಜಿಡ್ಡಿನ ಪೊರೆ: ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವ ಬದಲು ಕ್ಯಾಲ್ಸಿಯಂ ಜೊತೆ ಸೇರಿ ಮೊಸರಿನಂತಹ ಗಷ್ಟಾಗುತ್ತದೆ. ಇದು ನೀರಿನಲ್ಲಿ ಕರಗದೆ ಲೋಟಕ್ಕೆ ಅಂಟುತ್ತದೆ. ಹಾಲು, ಮಜ್ಜಿಗೆ ಕುಡಿದ ಲೋಟವನ್ನು ಕೂಡಲೇ ತೊಳೆಯದಿದ್ದರೆ ಕೊಬ್ಬಿನ ಮತ್ತು ಸಸಾರಜನಕದ ಪೊರೆ ಉಳಿಯುತ್ತದೆ.

3. ಒಗರಿನ ಕಲೆ: ಚಹಾ, ಕಷಾಯ ಮುಂತಾದವುಗಳಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ಕಂದು ಬಣ್ಣದ ಕಲೆ ಮಾಡುತ್ತದೆ. ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರು ತಗುಲಿದ ಬಟ್ಟೆ, ಕೈಗಳಿಗೆ ಅಂಟುವ ಕಲೆಯೂ ಇದೇ ಜಾತಿಯದು. ನೀರಿನಲ್ಲಿ ಕಬ್ಬಿಣವಿದ್ದರೆ ಅದು ಒಗರಿನೊಂದಿಗೆ ಸೇರಿ ಕಪ್ಪು ಬಣ್ಣ ಕೊಡುತ್ತದೆ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನು ತಯಾರಿಸುತ್ತಿದ್ದುದು ಇದೇ ತತ್ತ್ವದ ಮೇಲೆ. ಚಹಾದ ಬಣ್ಣ ಯಾವಾಗಲೂ ಮಾಮೂಲಿಗಿಂತ ಕಪ್ಪಗೆ ಬರುತ್ತಿದ್ದರೆ ನೀರಿನಲ್ಲಿ ಕಬ್ಬಿಣವಿದೆಯೇ ಎಂದು ಸಂಶಯಪಡಬಹುದು.

4. ಕಬ್ಬಿಣದ ಕಲೆ: ಹಳದಿ ಮಿಶ್ರಿತ ಕೆಂಪು ಅಥವಾ ತುಕ್ಕಿನ ಬಣ್ಣ. ಕೊಳವೆ ಬಾವಿಯಿಂದ ಹಿಡಿದಾಗ ತಿಳಿಯಾಗಿ ಕಂಡ ನೀರು ಕೊಡದಲ್ಲಿ ರಾತ್ರಿ ಕಳೆದ ಮೇಲೆ ಕೆಂಪಗಾದರೆ, ತಳದಲ್ಲಿ ಕೆಂಪು ಗಷ್ಟು ಕೂತರೆ ಅದು ಕಬ್ಬಿಣ. ಲೀಟರಿಗೆ 0.3 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣವಿರುವ ನೀರು ಬಟ್ಟೆ ಮತ್ತು ಪಾತ್ರೆಗಳ ಮೇಲೆ ಕಲೆ ಮಾಡತೊಡಗುತ್ತದೆ.

5. ಗಾಜಿನ ಸವೆತ: ಇದು ಅಂಟಿದ ಕಲೆಯಲ್ಲ. ಗಾಜಿನ ಮೈಯೇ ಗೀರಿ ಅಥವಾ ಸವೆದು ಮಂಕಾಗಿರುವುದು. ಮರಳು, ಇಟ್ಟಿಗೆ ಪುಡಿ, ಉಕ್ಕಿನ ನಾರಿನಿಂದ ತಿಕ್ಕುವುದು ಒಂದು ಕಾರಣ. ತೀಕ್ಷ್ಣವಾದ ಕ್ಷಾರದಲ್ಲಿ ದೀರ್ಘಕಾಲ ನೆನೆಸುವುದು ಇನ್ನೊಂದು. ಈ ಮಸುಕನ್ನು ಮನೆಯ ಯಾವ ಉಪಾಯದಿಂದಲೂ ತೆಗೆಯಲಾಗದು.

ಕಲೆಯನ್ನು ಗುರುತಿಸುವ ಸುಲಭ ಪರೀಕ್ಷೆ

ಲೋಟಗಳನ್ನೆಲ್ಲ ಒಟ್ಟಿಗೆ ನೆನೆಸುವ ಮುನ್ನ ಒಂದೇ ಒಂದು ಲೋಟದ ಮೇಲೆ ಈ ಪರೀಕ್ಷೆ ಮಾಡಿರಿ.

ಮೊದಲನೆಯದಾಗಿ, ಲೋಟವನ್ನು ಬಿಸಿನೀರು ಮತ್ತು ಅಂಟುವಾಳದ ಅಥವಾ ಪಾತ್ರೆ ತೊಳೆಯುವ ದ್ರವದ ನೊರೆಯಲ್ಲಿ ಮೆತ್ತನೆಯ ಬಟ್ಟೆಯಿಂದ ತೊಳೆದು ಒರೆಸಿರಿ. ಮಂಕು ಹೋದರೆ ಅದು ಜಿಡ್ಡು.

ಹೋಗದಿದ್ದರೆ, ಒಣಗಿದ ಲೋಟದ ಮಂಕು ಇರುವಲ್ಲಿ ನಾಲ್ಕು ಹನಿ ನಿಂಬೆರಸ ಅಥವಾ ವಿನೆಗರ್ ಹಾಕಿ ಹತ್ತು ನಿಮಿಷ ಬಿಡಿರಿ. ನಂತರ ತೊಳೆದು ಒರೆಸಿ ಬೆಳಕಿಗೆ ಹಿಡಿದು ನೋಡಿರಿ. ಹನಿ ಬಿದ್ದ ಜಾಗ ಮಾತ್ರ ತಿಳಿಯಾಗಿದ್ದರೆ ಅದು ಸುಣ್ಣದ ಪೊರೆ. ಪೊರೆ ದಪ್ಪವಾಗಿದ್ದರೆ ಹುಳಿ ಬಿದ್ದಾಗ ಸಣ್ಣ ಗುಳ್ಳೆಗಳು ಏಳುವುದನ್ನೂ ಕಾಣಬಹುದು.

ಹುಳಿಗೂ ಜಗ್ಗದ ಮಂಕು ಸಾಮಾನ್ಯವಾಗಿ ಗಾಜಿನ ಸವೆತ. ಕೆಲವು ಕೊಳವೆ ಬಾವಿಗಳ ನೀರಿನಲ್ಲಿರುವ ಸಿಲಿಕ ಕಟ್ಟಿದ ಪೊರೆಯೂ ಹೀಗೆಯೇ ಹುಳಿಗೆ ಕರಗುವುದಿಲ್ಲ. ಸವೆದ ಲೋಟ ನೀರಿನಲ್ಲಿ ಒದ್ದೆಯಾಗಿರುವಾಗ ತಿಳಿಯಾಗಿ ಕಂಡು ಒಣಗಿದೊಡನೆ ಮತ್ತೆ ಮಂಕಾಗುತ್ತದೆ. ಒಂದೊಂದು ಸಾರಿ ಅದರ ಮೇಲೆ ಕಾಮನಬಿಲ್ಲಿನ ಬಣ್ಣವೂ ಕಾಣುತ್ತದೆ. ಸುಣ್ಣದ ಪೊರೆಯೂ ಒದ್ದೆಯಾದಾಗ ಸ್ವಲ್ಪ ಮಾಯವಾಗುವುದರಿಂದ ಕೇವಲ ಕಣ್ಣಂದಾಜಿನಿಂದ ತೀರ್ಮಾನಿಸದೆ ಹುಳಿಯ ಹನಿಯಿಂದಲೇ ತೀರ್ಮಾನಿಸಬೇಕು.

ಸುಣ್ಣದ ಪೊರೆ ತೆಗೆಯುವ ವಿಧಾನ

ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವುದು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಲೋಹದ ಕಿಲುಬನ್ನು ಹುಳಿ ಕರಗಿಸುವಂತೆ ಗಾಜಿನ ಮೇಲಿನ ಸುಣ್ಣವನ್ನೂ ಹುಳಿ ಕರಗಿಸುತ್ತದೆ. ಗಾಜಿಗೆ ಇದರಿಂದ ಹಾನಿಯಿಲ್ಲ.

ಬೇಕಾಗುವ ಸಾಮಗ್ರಿ (ಒಂದು ಡಜನ್ ಲೋಟಗಳಿಗೆ):
ಬಿಳಿ ವಿನೆಗರ್ 1 ಲೀಟರ್ ಮತ್ತು ಅಷ್ಟೇ ನೀರು. ಅಥವಾ ಸಿಟ್ರಿಕ್ ಆಮ್ಲದ ಹರಳು, ಅಂದರೆ ನಿಂಬೆ ಉಪ್ಪು, ಲೀಟರ್ ನೀರಿಗೆ 1 ದೊಡ್ಡ ಚಮಚದಂತೆ 2 ಲೀಟರ್. ಪ್ಲಾಸ್ಟಿಕ್ ಅಥವಾ ಸ್ಟೀಲ್ ಬೋಗುಣಿ. ಮೆತ್ತನೆಯ ಹತ್ತಿ ಬಟ್ಟೆ.

ವಿಧಾನ: ಲೋಟಗಳನ್ನು ಮೊದಲು ಜಿಡ್ಡು ಹೋಗುವಂತೆ ತೊಳೆಯಬೇಕು. ಜಿಡ್ಡಿದ್ದರೆ ಹುಳಿ ಸುಣ್ಣವನ್ನು ಮುಟ್ಟುವುದಿಲ್ಲ. ಬೋಗುಣಿಯ ತಳಕ್ಕೆ ಬಟ್ಟೆ ಹಾಸಿ ಲೋಟಗಳನ್ನು ಒಂದಕ್ಕೊಂದು ತಾಗದಂತೆ ಅಡ್ಡಲಾಗಿ ಮಲಗಿಸಿರಿ. ಉಗುರು ಬೆಚ್ಚಗಿನ ಹುಳಿ ನೀರನ್ನು ಲೋಟಗಳು ಮುಳುಗುವಂತೆ ಸುರಿದು ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿರಿ. ಎಲ್ಲವೂ ಒಟ್ಟಿಗೆ ಮುಳುಗದಿದ್ದರೆ ನಾಲ್ಕು ನಾಲ್ಕಾಗಿ ಅದೇ ನೀರಿನಲ್ಲಿ ನೆನೆಸಬಹುದು. ನಂತರ ಬಟ್ಟೆಯಿಂದ ಒಳಗೂ ಹೊರಗೂ ಉಜ್ಜಿ ಎರಡು ಸಾರಿ ಒಳ್ಳೆಯ ನೀರಿನಲ್ಲಿ ಜಾಲಿಸಿ ಕೂಡಲೇ ಒರೆಸಬೇಕು. ಹಳೆಯ ದಪ್ಪ ಪೊರೆಯಿದ್ದರೆ ಮಾರನೆಯ ದಿನ ಮತ್ತೊಮ್ಮೆ ನೆನೆಸಿರಿ. ಬಲ ಪ್ರಯೋಗ ಬೇಡ, ಸಮಯ ಕೊಟ್ಟರೆ ಸಾಕು.

ಒಂದೆರಡೇ ಲೋಟಗಳಿದ್ದರೆ ಇಷ್ಟು ಹುಳಿಯೂ ಬೇಕಿಲ್ಲ. ಒಂದು ಚಿಕ್ಕ ಚಮಚ, ಅಂದರೆ 5 ಮಿಲಿ ಲೀಟರ್ ವಿನೆಗರ್ ಸುಮಾರು 150 ಮಿಲಿಗ್ರಾಂ ಸುಣ್ಣವನ್ನು ಕರಗಿಸಬಲ್ಲದು. ಹಳೆಯ ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಲೋಟದ ಮೈಗೆ ಸುತ್ತಿ, ಒಳಗೂ ತುರುಕಿ, ಅರ್ಧ ಗಂಟೆ ಬಿಟ್ಟರೂ ಕೆಲಸವಾಗುತ್ತದೆ.

ವಿನೆಗರ್ ಸಿಗದಿದ್ದರೆ ಪಾನಕಕ್ಕೆ ಹಿಂಡಿದ ನಿಂಬೆ ಹೋಳುಗಳನ್ನು ಬಿಸಾಡದೆ ಅವುಗಳಿಂದಲೇ ಲೋಟವನ್ನು ಉಜ್ಜಿ ಕಾಲು ಗಂಟೆ ಬಿಡಬಹುದು. ಹುಣಸೆ ನೀರನ್ನು ಉಪಯೋಗಿಸುವುದಾದರೆ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಬೇಕು. ನಾರು ಮತ್ತು ಮರಳಿನ ಕಣ ಉಳಿದರೆ ಗಾಜು ಗೀರುತ್ತದೆ. ಮಲೆನಾಡಿನ ಮುರುಗಲು, ಉಪ್ಪಾಗೆಗಳೂ ಹುಳಿಯೇ. ಆದರೆ ಅವುಗಳ ಬಣ್ಣ ಲೋಟಕ್ಕೆ ಅಂಟುವ ಸಂಭವವಿರುವುದರಿಂದ ಈ ಕೆಲಸಕ್ಕೆ ಅಷ್ಟು ಸೂಕ್ತವಲ್ಲ.

ಗಮನಿಸಿ: ಹುಳಿ ನೀರನ್ನು ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಇಡಕೂಡದು. ಚಿನ್ನದ ಬಣ್ಣದ ಅಂಚು ಅಥವಾ ಬಣ್ಣದ ಚಿತ್ರವಿರುವ ಲೋಟಗಳನ್ನು ನೆನೆಸಕೂಡದು. ಅವುಗಳ ಒಳಮೈಯನ್ನು ಮಾತ್ರ ಬಟ್ಟೆಯಿಂದ ಒರೆಸಬೇಕು.

ಉಳಿದ ಕಲೆಗಳಿಗೆ

ಜಿಡ್ಡಿಗೆ: ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಒಗೆಯುವ ಸೋಡ ಹಾಕಿ, ಕೈಗೆ ರಬ್ಬರ್ ಚೀಲ ತೊಟ್ಟು, ಲೋಟಗಳನ್ನು 15 ನಿಮಿಷ ನೆನೆಸಿ ತೊಳೆಯಿರಿ. ರಾತ್ರಿಯಿಡೀ ನೆನೆಸಬಾರದು. ಸೋಡದ ಕ್ಷಾರ ಗಾಜನ್ನು ನಿಧಾನವಾಗಿ ಸವೆಸುತ್ತದೆ. ಮೆದು ನೀರಿರುವ ಕಡೆ ಈ ಸವೆತ ಇನ್ನೂ ಬೇಗ ಆಗುವುದರಿಂದ, ಮಳೆ ನೀರು ಮತ್ತು ತೆರೆದ ಬಾವಿಯ ನೀರು ಬಳಸುವ ಸೊರಬದ ಕಡೆಯವರು ಸೋಡವನ್ನು ಮಿತವಾಗಿ ಉಪಯೋಗಿಸುವುದು ಒಳ್ಳೆಯದು. ಹಾಲು, ಮಜ್ಜಿಗೆಯ ಲೋಟವನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ ಆಮೇಲೆ ಬಿಸಿನೀರಿಗೆ ಹಾಕಬೇಕು. ಮೊದಲೇ ಬಿಸಿನೀರು ಸುರಿದರೆ ಹಾಲಿನ ಸಸಾರಜನಕ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಚಹಾದ ಕಲೆಗೆ: ಅಡುಗೆ ಸೋಡಕ್ಕೆ ನಾಲ್ಕು ಹನಿ ನೀರು ಬೆರೆಸಿ ಮುದ್ದೆ ಮಾಡಿ ಬೆರಳಿನಿಂದ ಅಥವಾ ಬಟ್ಟೆಯಿಂದ ಉಜ್ಜಿರಿ. ಅಡುಗೆ ಸೋಡ ಗಾಜಿಗಿಂತ ಬಹಳ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ದಿನಕ್ಕೆ ನೂರಾರು ಲೋಟ ತೊಳೆಯುವ ಚಹಾ ಅಂಗಡಿಯವರು ವಾರಕ್ಕೊಮ್ಮೆ ಮೊದಲು ಸೋಡ, ನಂತರ ಚೆನ್ನಾಗಿ ತೊಳೆದು ಹುಳಿ ನೀರು, ಹೀಗೆ ಎರಡು ಹಂತದಲ್ಲಿ ಶುಚಿ ಮಾಡಿದರೆ ಒಗರು ಮತ್ತು ಸುಣ್ಣ ಎರಡೂ ಹೋಗುತ್ತವೆ. ಎರಡನ್ನೂ ಒಟ್ಟಿಗೆ ಬೆರೆಸಿದರೆ ನೊರೆ ಬರುತ್ತದೆ, ಆದರೆ ಸೋಡ ಮತ್ತು ಹುಳಿ ಒಂದನ್ನೊಂದು ಕೊಂದು ಎರಡೂ ನಿಷ್ಪ್ರಯೋಜಕವಾಗುತ್ತವೆ.

ಕಬ್ಬಿಣದ ಕಲೆಗೆ: ನಿಂಬೆರಸಕ್ಕೆ ಪುಡಿ ಉಪ್ಪು ಸೇರಿಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿರಿ, ಅಥವಾ ಬೆಚ್ಚಗಿನ ಸಿಟ್ರಿಕ್ ಆಮ್ಲದ ನೀರಿನಲ್ಲಿ ನೆನೆಸಿರಿ. ಕೆಂಪು ಕಲೆಗೆ ಬ್ಲೀಚಿಂಗ್ ಪುಡಿ ಹಾಕುವುದು ತಪ್ಪು. ಅದು ಕಬ್ಬಿಣವನ್ನು ಇನ್ನಷ್ಟು ತುಕ್ಕಾಗಿಸಿ ಕಲೆಯನ್ನು ಗಟ್ಟಿ ಮಾಡುತ್ತದೆ. ಜೊತೆಗೆ ಅದರಲ್ಲಿರುವ ಸುಣ್ಣ ಹೊಸ ಬಿಳಿ ಪೊರೆಯನ್ನೂ ಕೊಡುತ್ತದೆ.

ಸವೆದ ಲೋಟಗಳಿಗೆ: ಇವುಗಳಿಗೆ ಔಷಧಿಯಿಲ್ಲ. ಬಿರುಕಿಲ್ಲದಿದ್ದರೆ ಕುಡಿಯಲು ಅಡ್ಡಿಯಿಲ್ಲ, ನೋಟ ಮಾತ್ರ ಮಂಕು. ಅಂಚು ಒಡೆದಿದ್ದರೆ, ಸೀಳಿದ್ದರೆ ಮಕ್ಕಳ ಕೈಗೆ ಸಿಗದಂತೆ ಕಾಗದದಲ್ಲಿ ಸುತ್ತಿ ವಿಲೇವಾರಿ ಮಾಡಿರಿ. ತಿಪ್ಪೆಗೆ ಎಸೆದ ಗಾಜು ಗೊಬ್ಬರದೊಂದಿಗೆ ಗದ್ದೆ ಸೇರಿ, ನಾಟಿ ಮಾಡುವವರ ಕಾಲನ್ನು ಸೀಳುತ್ತದೆ.

ಏನನ್ನು ಉಪಯೋಗಿಸಬಾರದು?

ಬೂದಿ ಮತ್ತು ಇಟ್ಟಿಗೆ ಪುಡಿ: ಕಟ್ಟಿಗೆಯ ಬೂದಿಯಲ್ಲಿ ಕ್ಷಾರವಿರುವುದರಿಂದ ಜಿಡ್ಡು ಹೋಗುವುದು ನಿಜ. ಆದರೆ ಅದರಲ್ಲಿ ಮರಳಿನ ಕಣಗಳು ಸೇರಿರುತ್ತವೆ. ಇಟ್ಟಿಗೆ ಪುಡಿಯಲ್ಲಿ ಬೆಣಚು ಕಲ್ಲಿನ ಕಣಗಳಿವೆ. ಬೆಣಚು ಗಾಜಿಗಿಂತ ಗಟ್ಟಿ, ಅದು ಗಾಜನ್ನು ಗೀರುತ್ತದೆ. ಅಕ್ಕಿ ಗಿರಣಿಯ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕ, ಅಂದರೆ ಮರಳಿನ ಅಂಶವೇ. ಇವೆಲ್ಲವೂ ಕಬ್ಬಿಣದ ಬಾಣಲೆಗೆ ಸರಿ, ಗಾಜಿಗೆ ಸಲ್ಲ. ಹೀಗೆ ಬಿದ್ದ ಗೀರುಗಳಲ್ಲಿ ಸುಣ್ಣ ಮತ್ತು ಜಿಡ್ಡು ಇನ್ನೂ ಬೇಗ ಕೂರುತ್ತವೆ.

ಬಚ್ಚಲಿನ ಆಸಿಡ್: ಇದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣವನ್ನು ಕ್ಷಣದಲ್ಲಿ ಕರಗಿಸುವುದು ನಿಜವಾದರೂ ಕೈ, ಕಣ್ಣು, ಉಸಿರಿನ ನಾಳಗಳನ್ನು ಸುಡುತ್ತದೆ. ಕುಡಿಯುವ ಲೋಟದಲ್ಲಿ ನೀರಿನಂತೆ ಕಾಣುವ ಆಸಿಡ್ ಇದ್ದರೆ ಮಗು ಅದನ್ನು ಎತ್ತಿ ಕುಡಿಯಲು ಎಷ್ಟು ಹೊತ್ತು ಬೇಕು? ಹನಿ ನೀರಾವರಿಯ ಕೊಳವೆ ತೊಳೆಯಲು ತಂದ ಆಸಿಡ್ಡಿಗೂ ಇದೇ ಮಾತು ಅನ್ವಯಿಸುತ್ತದೆ. ತೋಟದ ಆಸಿಡ್ ತೋಟದ ಮನೆಯಲ್ಲಿಯೇ, ಬೀಗದಲ್ಲಿಯೇ ಇರಬೇಕು.

ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯ ಮಿಶ್ರಣ: ಬಾವಿಗೆ, ಟ್ಯಾಂಕಿಗೆ ಹಾಕಲು ತಂದ ಬ್ಲೀಚಿಂಗ್ ಪುಡಿ ಅನೇಕ ಮನೆಗಳಲ್ಲಿರುತ್ತದೆ. ಅದಕ್ಕೆ ಯಾವುದೇ ಆಮ್ಲ ಸೇರಿದರೂ, ವಿನೆಗರ್ ಮತ್ತು ನಿಂಬೆರಸ ಸೇರಿದರೂ ಸಹ, ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದು ಪ್ರಾಣಾಪಾಯಕಾರಿ. ಅಕಸ್ಮಾತ್ ಇಂತಹ ಅನಿಲ ಸೇವಿಸಿದವರನ್ನು ತಕ್ಷಣ ಬಯಲಿನ ಗಾಳಿಗೆ ಕರೆತಂದು ಆಸ್ಪತ್ರೆಗೆ ಸೇರಿಸಬೇಕು.

ಔಷಧಿ ಅಳೆದ ಲೋಟ: ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ತಯಾರಿಸುವಾಗ, ಜೋಳಕ್ಕೆ, ಭತ್ತಕ್ಕೆ, ಶುಂಠಿಗೆ ಔಷಧಿ ಅಳೆಯುವಾಗ ಕೈಗೆ ಸಿಕ್ಕ ಲೋಟವನ್ನು ಒಯ್ಯುವ ಅಭ್ಯಾಸ ಕೆಲವರಲ್ಲಿದೆ. ಆ ಲೋಟದ ಕಲೆಯನ್ನು ತೆಗೆಯುವ ವಿಧಾನವನ್ನು ಈ ಲೇಖನದಲ್ಲಿ ಹುಡುಕಬೇಡಿ. ಅದು ಎಷ್ಟೇ ಹೊಳೆದರೂ ಅಡುಗೆಮನೆಗೆ ಹಿಂತಿರುಗಬಾರದು. ಅಳತೆಗೆ ಬೇರೆಯೇ ಪಾತ್ರೆಯಿಟ್ಟು ಅದಕ್ಕೆ ಕೆಂಪು ಬಣ್ಣ ಬಳಿಯಿರಿ.

ಮತ್ತೆ ಮಂಕಾಗದಂತೆ ನೋಡಿಕೊಳ್ಳುವುದು

ಲೋಟ ಮಂಕಾಗುವುದು ತೊಳೆಯುವಾಗ ಅಲ್ಲ, ಒಣಗುವಾಗ. ಗಾಜಿನ ಮೇಲೆ ನೀರು ಒಣಗಲು ಬಿಡದಿರುವುದೇ ಅದನ್ನು ತಡೆಯುವ ಮುಖ್ಯ ಉಪಾಯ. ತೊಳೆದ ಕೂಡಲೇ ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒಳಗೂ ಹೊರಗೂ ಒರೆಸಿ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಈ ಬಟ್ಟೆಯನ್ನು ಬೇರೆ ಕೆಲಸಕ್ಕೆ ಬಳಸದೆ ದಿನವೂ ಒಗೆದು ಬಿಸಿಲಿಗೆ ಹಾಕಬೇಕು.

ಕೊನೆಯ ಜಾಲಿಸುವಿಕೆಗೆ ಮೆದು ನೀರು ಸಿಕ್ಕಿದರೆ ಉತ್ತಮ. ಮಳೆಗಾಲದಲ್ಲಿ ಸೂರಿನ ನೀರನ್ನು ಬಟ್ಟೆ ಕಟ್ಟಿದ ಡ್ರಮ್ಮಿನಲ್ಲಿ ಹಿಡಿಯಬಹುದು. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿ ಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಚದರ ಮೀಟರ್ ಮಾಡಿನ ಮೇಲೆ ಹತ್ತು ಮಿಲಿ ಮೀಟರ್ ಮಳೆ ಬಿದ್ದರೆ ನೂರು ಲೀಟರ್. ಹೀಗೆ ಹಿಡಿದ ನೀರನ್ನು ಕುದಿಸಿ ಆರಿಸಿ ಲೋಟ ಜಾಲಿಸಲು ಉಪಯೋಗಿಸಿರಿ. ಬೇಸಿಗೆಯಲ್ಲಿ ಕೊಳವೆ ಬಾವಿಯ ನೀರನ್ನೇ ಹತ್ತು ನಿಮಿಷ ಕುದಿಸಿ ರಾತ್ರಿಯಿಡೀ ಇಟ್ಟರೆ ಸುಣ್ಣದ ಒಂದು ಭಾಗ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬಹುದು. ಕುದಿಸಿದಾಗ ಹೋಗುವುದು ತಾತ್ಕಾಲಿಕ ಗಡಸುತನ ಮಾತ್ರ. ಸಲ್ಫೇಟ್, ಕ್ಲೋರೈಡ್ ರೂಪದ ಶಾಶ್ವತ ಗಡಸುತನ ಹಾಗೆಯೇ ಉಳಿಯುತ್ತದೆ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಅಲ್ಲಿಂದ ತಂದ ನೀರಿನಲ್ಲಿ ಒಂದು ಚೊಂಬು ಇದಕ್ಕೆ ಸಾಕು.

ಗಡಸು ನೀರಿನ ಕಡೆ ಲೋಟಗಳಿಗೆ ಸಾಬೂನಿನ ಬದಲು ಅಂಟುವಾಳವನ್ನು ಬಳಸಿ ನೋಡಿರಿ. ನಾಲ್ಕು ಕಾಯಿಯ ಸಿಪ್ಪೆಯನ್ನು ರಾತ್ರಿ ಒಂದು ಲೋಟ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದರೆ ನೊರೆ ಸಿದ್ಧ. ಇದು ಸಾಬೂನಿನಂತೆ ಸುಣ್ಣದೊಂದಿಗೆ ಸೇರಿ ಗಷ್ಟಾಗುವುದಿಲ್ಲ. ನೊರೆ ಕಣ್ಣಿಗೆ ಬೀಳದಂತೆ ಎಚ್ಚರವಿರಲಿ.

ಲೋಟದೊಳಗೆ ಲೋಟ ಇಟ್ಟು ಸಿಕ್ಕಿಕೊಂಡರೆ ಎಳೆಯಬೇಡಿ. ಒಳಗಿನ ಲೋಟಕ್ಕೆ ತಣ್ಣೀರು ತುಂಬಿ, ಹೊರಗಿನ ಲೋಟವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿರಿ. ಒಳಗಿನದು ಕುಗ್ಗಿ ಹೊರಗಿನದು ಹಿಗ್ಗಿ ಎರಡೂ ಬೇರೆಯಾಗುತ್ತವೆ. ತಣ್ಣಗಿರುವ ಲೋಟಕ್ಕೆ ಕುದಿಯುವ ನೀರನ್ನು ಮಾತ್ರ ಒಮ್ಮೆಲೆ ಸುರಿಯಬಾರದು, ಗಾಜು ಸೀಳುತ್ತದೆ.

ಲೋಟ ಹೇಳುವುದು, ಹೇಳದಿರುವುದು

ಮಂಕಾದ ಲೋಟ ನೋಡಿ "ಈ ನೀರು ಕುಡಿದರೆ ಹೊಟ್ಟೆಯಲ್ಲಿಯೂ ಹೀಗೆಯೇ ಸುಣ್ಣ ಕಟ್ಟುತ್ತದೆ" ಎಂದು ಹೆದರುವವರಿದ್ದಾರೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ದೇಹಕ್ಕೆ ಬೇಕಾದ ಲವಣಗಳು. ವಿಶ್ವ ಆರೋಗ್ಯ ಸಂಸ್ಥೆಯು ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ನಿಗದಿ ಮಾಡಿಲ್ಲ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನಕದಂತೆ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದು. ಬೇರೆ ನೀರಿನ ಮೂಲ ಇಲ್ಲದಿದ್ದಾಗ 600ರವರೆಗೆ ಒಪ್ಪಬಹುದು. ಲೋಟದ ಬಿಳಿ ಪೊರೆ ಕಂಡ ಮಾತ್ರಕ್ಕೆ ಒಳ್ಳೆಯ ಬಾವಿಯನ್ನು ಬಿಡಬೇಕಾಗಿಲ್ಲ.

ಇದರ ಇನ್ನೊಂದು ಮುಖ ಹೆಚ್ಚು ಮುಖ್ಯವಾದುದು. ಲೋಟ ಫಳಫಳನೆ ಹೊಳೆಯುತ್ತಿದ್ದರೆ ನೀರು ಒಳ್ಳೆಯದು ಎಂದೂ ತಿಳಿಯಬಾರದು. ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಲೋಟದ ಮೇಲೆ ಗುರುತು ಬಿಡುವುದಿಲ್ಲ. ಹಸುಗೂಸುಗಳಿಗೆ ಅಪಾಯಕಾರಿಯಾದ ನೈಟ್ರೇಟ್ ಗುರುತು ಬಿಡುವುದಿಲ್ಲ. ವಾಂತಿ ಭೇದಿ, ಕಾಮಾಲೆ ತರುವ ರೋಗಾಣುಗಳೂ ಕಣ್ಣಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಅಂಗಳದ, ಕೊಟ್ಟಿಗೆಯ ನೀರು ಹರಿದು ಸೇರಿದ ತೆರೆದ ಬಾವಿಯ ಮೆದು ನೀರು ಲೋಟವನ್ನು ಒಂದಿಷ್ಟೂ ಮಂಕು ಮಾಡದೆ ಇಡೀ ಮನೆಯನ್ನು ಮಲಗಿಸಬಲ್ಲದು. ಮಂಕು ಲೋಟದ ಗಡಸು ನೀರಿನ ಮನೆಯವರು ಆರೋಗ್ಯವಾಗಿದ್ದು, ಹೊಳೆಯುವ ಲೋಟದ ಮನೆಯ ಮಗು ಭೇದಿಯಿಂದ ನರಳುವುದು ಸಾಧ್ಯ. ಆದುದರಿಂದ ಕುಡಿಯುವ ನೀರನ್ನು ಕುದಿಸಿ ಆರಿಸಿ ಕುಡಿಯುವ ಪದ್ಧತಿಯನ್ನು ಲೋಟ ಹೇಗಿದ್ದರೂ ಬಿಡಬಾರದು.

ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ. ಇವುಗಳಿಗೆ ನೀರಿನ ಪರೀಕ್ಷೆಯೇ ದಾರಿ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಡಿ ಹಳ್ಳಿಗಳಲ್ಲಿ ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ಟುಗಳಿಂದ ನೀರು ಪರೀಕ್ಷಿಸಲು ತರಬೇತಿ ಕೊಡಲಾಗಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಈ ಬಗ್ಗೆ ವಿಚಾರಿಸಿರಿ. ಹೊಸ ಕೊಳವೆ ಬಾವಿ ತೋಡಿಸಿದವರು ಪಂಪು ಇಳಿಸಿದ ಕೂಡಲೇ ನೀರನ್ನು ಪರೀಕ್ಷೆಗೆ ಕೊಡುವುದು ಒಳ್ಳೆಯದು.

ಮನೆಯ ಮಕ್ಕಳಿಂದ ಒಂದು ಪ್ರಯೋಗ ಮಾಡಿಸಬಹುದು. ಒಂದು ಸ್ಟೀಲ್ ತಟ್ಟೆಯ ಮೇಲೆ ಬೇರೆ ಬೇರೆ ಜಾಗದಲ್ಲಿ ಕೊಳವೆ ಬಾವಿ, ತೆರೆದ ಬಾವಿ, ನಲ್ಲಿ ಮತ್ತು ಮಳೆಯ ನೀರನ್ನು ಒಂದೊಂದು ಚಿಕ್ಕ ಚಮಚ ಹಾಕಿ ಬಿಸಿಲಿನಲ್ಲಿ ಒಣಗಿಸಿರಿ. ಹೆಚ್ಚು ಲವಣವಿರುವ ನೀರು ಹೆಚ್ಚು ಬಿಳಿಯ ಉಂಗುರ ಬಿಡುತ್ತದೆ. ಲೋಟ ತೊಳೆಯಲು ಯಾವ ನೀರು ಉತ್ತಮ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ತೋಟಕ್ಕೂ ಇದೇ ಪಾಠ

ಅಡುಗೆಮನೆಯ ಲೋಟ ಬೇಗ ಮಂಕಾಗುತ್ತಿದ್ದು, ಅದೇ ನೀರು ತೋಟಕ್ಕೂ ಹೋಗುತ್ತಿದ್ದರೆ ಯಜಮಾನರು ಅದನ್ನು ಗಮನಿಸಬೇಕು. ಹನಿ ನೀರಾವರಿಯ ತೂತುಗಳು ಕಟ್ಟಿಕೊಳ್ಳುವುದಕ್ಕೂ, ಸಿಂಪರಣಾ ಯಂತ್ರದ ಮೂತಿ ಕಟ್ಟುವುದಕ್ಕೂ ಇದೇ ಸುಣ್ಣ ಕಾರಣ. ಗ್ಲೈಫೋಸೇಟಿನಂತಹ ಕಳೆನಾಶಕ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕಳೆ ಸಾಯಲಿಲ್ಲವೆಂದು ಔಷಧಿಯನ್ನು ದೂರುವ ಮುನ್ನ ನೀರನ್ನು ಪರೀಕ್ಷಿಸಿರಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮೊದಲು ಜಿಡ್ಡು ತೆಗೆಯಿರಿ, ನಂತರ ಹುಳಿಯ ಹನಿಯಿಂದ ಪರೀಕ್ಷಿಸಿರಿ.
2. ಬಿಳಿ ಪೊರೆಗೆ ವಿನೆಗರ್ ಅಥವಾ ನಿಂಬೆ. ಚಹಾದ ಕಲೆಗೆ ಅಡುಗೆ ಸೋಡ. ಕೆಂಪು ಕಲೆಗೆ ನಿಂಬೆರಸ ಮತ್ತು ಉಪ್ಪು.
3. ಮರಳು, ಇಟ್ಟಿಗೆ ಪುಡಿ, ಹೊಟ್ಟಿನ ಬೂದಿ, ಉಕ್ಕಿನ ನಾರು ಗಾಜಿಗೆ ಬೇಡ.
4. ಬಚ್ಚಲಿನ ಆಸಿಡ್ ಅಡುಗೆಮನೆಗೆ ಬೇಡ. ಬ್ಲೀಚಿಂಗ್ ಪುಡಿಗೆ ಯಾವ ಹುಳಿಯನ್ನೂ ಸೇರಿಸಬೇಡಿ.
5. ತೊಳೆದ ಲೋಟವನ್ನು ಒಣಗಲು ಬಿಡದೆ ಒರೆಸಿರಿ.
6. ಮಂಕು ಲೋಟ ಕಂಡು ನೀರಿಗೆ ಹೆದರಬೇಡಿ, ಹೊಳೆಯುವ ಲೋಟ ಕಂಡು ನೀರನ್ನು ನಂಬಬೇಡಿ. ವರ್ಷಕ್ಕೊಮ್ಮೆಯಾದರೂ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ.